ಕಂಡದ್ದೆಷ್ಟು, ಊಹಿಸಿದ್ದೆಷ್ಟು?

ಇಶಾ ನಮಾಝ್ ಮುಗಿಸಿ ಮನೆಗೆ ಮರಳುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಶುಕ್ರಗ್ರಹಕ್ಕಿಂತಲೂ ಪ್ರಖರವಾದ ಬೆಂಕಿಯುಂಡೆಯೊಂದು ಆಕಾಶವನ್ನು ಸೀಳಿ ಹೋಗುತ್ತದೆ. ನಾಲ್ಕೈದು ಸೆಕೆಂಡು, ಮತ್ತೆ ಕತ್ತಲೆ. ಮರುದಿನ ಯಾರಾದರೂ ವಿಚಾರಿಸಿದರೆ ಏನು ಹೇಳುವಿರಿ?

“ಗುಡ್ಡದ ಆಚೆ ಬಿತ್ತು” ಎನ್ನುವವರೇ ಹೆಚ್ಚು. ಸುಳ್ಳು ಹೇಳುವ ಉದ್ದೇಶ ಅವರಿಗಿಲ್ಲ. ಆದರೆ ಕಣ್ಣು ಕಂಡದ್ದು ಬೆಳಕು ಗುಡ್ಡದ ಹಿಂದೆ ಮರೆಯಾದುದನ್ನು ಮಾತ್ರ. ‘ಬಿತ್ತು’ ಎಂಬುದು ಮನಸ್ಸು ಸೇರಿಸಿದ ಮಾತು. ಇಂತಹ ಉಲ್ಕೆಗಳ ಬೆಳಕು ಸಾಮಾನ್ಯವಾಗಿ ನೆಲದಿಂದ ಹತ್ತಾರು ಕಿಲೋಮೀಟರ್ ಎತ್ತರದಲ್ಲೇ ನಂದಿಹೋಗುತ್ತದೆ. ಗುಡ್ಡದ ಆಚೆ ಎಂದು ತೋರಿದ್ದು ನೂರಾರು ಕಿಲೋಮೀಟರ್ ದೂರದ್ದಾಗಿರಬಹುದು. ಆ ಒಂದು ಮಾತನ್ನು ನಂಬಿ ಕಲ್ಲು ಹುಡುಕಹೊರಟವರ ಗತಿಯೇನು?

ಹಾಗಾದರೆ ಮೌನವೇ ಲೇಸೇ? ಖಂಡಿತ ಅಲ್ಲ. ಸಾಕ್ಷ್ಯವನ್ನು ಬಚ್ಚಿಡುವುದೂ ಪಾಪವೆಂಬುದು ನಮಗೆ ತಿಳಿದ ವಿಷಯ. ಚಂದ್ರದರ್ಶನವಾಯಿತೆಂದು ಬಂದವನನ್ನು ನಾವು ಎಷ್ಟೊಂದು ಕೇಳುತ್ತೇವೆ! ಎಲ್ಲಿ, ಯಾವಾಗ, ಎಷ್ಟು ಎತ್ತರದಲ್ಲಿ, ಜೊತೆಗೆ ಯಾರಿದ್ದರು? ಅದು ಅವನಿಗೆ ಮಾಡುವ ಅವಮಾನವಲ್ಲ.

ಕೇಳಿಸಿಕೊಳ್ಳುವವರಿಗೂ ಹೊಣೆಯಿದೆ. ಆಕಾಶದಿಂದ ಕಲ್ಲು ಬೀಳುತ್ತದೆಂಬುದನ್ನು 18ನೆಯ ಶತಮಾನದ ಯುರೋಪಿನ ಬಹುತೇಕ ವಿದ್ವಾಂಸರು ಹಳ್ಳಿಗರ ಕಟ್ಟುಕಥೆಯೆಂದು ತಳ್ಳಿಹಾಕಿದ್ದರು. ಕಾನೂನು ಓದಿದ್ದ ಜರ್ಮನಿಯ ಕ್ಲಾಡ್ನಿ ಹಳೆಯ ಹೇಳಿಕೆಗಳನ್ನು ಕಲೆಹಾಕಿ, ನ್ಯಾಯಾಲಯದಲ್ಲಿ ತೂಗುವಂತೆ ತೂಗಿ, ಅವು ನಂಬಲರ್ಹವೆಂದು 1794ರಲ್ಲಿ ಬರೆದರು. ಅನೇಕರು ಒಪ್ಪಲಿಲ್ಲ. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೆಗ್ಲ್ ಪಟ್ಟಣದ ಸುತ್ತ ಸಾವಿರಾರು ಕಲ್ಲುಗಳು ಸುರಿದವು. ವಿಜ್ಞಾನಿ ಬಿಯೋ ಅಲ್ಲಿಗೆ ಹೋಗಿ ಹಳ್ಳಿಹಳ್ಳಿ ತಿರುಗಿ, ಬೇರೆ ಬೇರೆ ಕಸುಬಿನ ಜನರನ್ನು ವಿಚಾರಿಸಿದರು. ಅವರ ಮಾತುಗಳು ಪರಸ್ಪರ ಹೊಂದಿಕೊಂಡವು, ಬಿದ್ದ ಕಲ್ಲುಗಳೂ ಅದನ್ನೇ ಹೇಳಿದವು. ಪಂಡಿತರು ರೈತನ ಕಣ್ಣನ್ನು ನಂಬಲು ಅಷ್ಟು ವರ್ಷ ಬೇಕಾಯಿತು!

ಇಂದು ಅಂತಾರಾಷ್ಟ್ರೀಯ ಉಲ್ಕಾ ಸಂಘಟನೆಯು ಜನಸಾಮಾನ್ಯರ ವರದಿಗಳನ್ನೇ ಕೇಳಿ ಪಡೆಯುತ್ತದೆ. ಬೇರೆ ಬೇರೆ ಊರುಗಳ ಕೆಲವರು ದಿಕ್ಕನ್ನು ಸರಿಯಾಗಿ ಹೇಳಿದರೆ ಉಲ್ಕೆಯ ದಾರಿಯನ್ನು ಲೆಕ್ಕಹಾಕಬಹುದು. ಆದ್ದರಿಂದ ನೆರೆಯವರೊಡನೆ ಮಾತಾಡುವ ಮೊದಲೇ ಬರೆದಿಡಿ. ನಿಂತ ಜಾಗ, ಸಮಯ, ಬೆಳಕು ಮೂಡಿದ ದಿಕ್ಕು, ಮರೆಯಾದ ದಿಕ್ಕು. ಎತ್ತರಕ್ಕೆ ಕೈ ನೀಡಿ ಮುಷ್ಟಿಯಿಂದ ಅಳೆಯಿರಿ. ಒಂದು ಮುಷ್ಟಿ ಸುಮಾರು 10 ಡಿಗ್ರಿ. ಸದ್ದಿಗಾಗಿ ಕೆಲವು ನಿಮಿಷ ಕಾಯಿರಿ, ಏಕೆಂದರೆ 60 ಕಿಲೋಮೀಟರ್ ದೂರದ ಸದ್ದು ತಲುಪಲು ಸುಮಾರು 3 ನಿಮಿಷ ಹಿಡಿಯುತ್ತದೆ. ಏನೂ ಕೇಳಿಸದಿದ್ದರೆ, ಕೇಳಿಸಲಿಲ್ಲವೆಂದೇ ಬರೆಯಿರಿ. ಲೆಕ್ಕಹಾಕುವವರಿಗೆ ಅದೂ ಬೇಕು.