ಹಂಗೇನಿಲ್ಲ

ಒಬ್ಬರ ಮೇಲೆ ಸಂಶಯಪಟ್ಟೆವು, ಆದರೆ ಬಾಯಿಬಿಟ್ಟು ಆಡಲಿಲ್ಲ. ಅದೂ ತಪ್ಪೇ? ಅಲ್ಲವೆಂದೇ ನಾನು ಬಹಳ ವರ್ಷ ತಿಳಿದಿದ್ದೆ. ಆ ತಿಳಿವಳಿಕೆ ಅಲುಗಾಡಿದ್ದು ಒಂದು ಕಂಪ್ಯೂಟರ್ ಮೌಸಿನಿಂದ.

ಲಕಮನಹಳ್ಳಿಯ ನಮ್ಮ ಮನೆಯಲ್ಲಿ ವೈರಿಲ್ಲದ ಮೌಸು ಇದ್ದಕ್ಕಿದ್ದಂತೆ ಹಟ ಹಿಡಿಯಿತು. ಪರದೆಯ ಮೇಲಿನ ಬಾಣ ನಿಂತಲ್ಲೇ ನಿಲ್ಲುವುದು, ಆಮೇಲೆ ಒಮ್ಮೆಲೇ ಹಾರುವುದು. ಹೊಸ ಸೆಲ್ ಹಾಕಿದೆ, ಉಪಯೋಗವಾಗಲಿಲ್ಲ. ಇಲ್ಲಿ ಸುತ್ತ ಕಾರ್ಖಾನೆಗಳಿವೆ. ಅವುಗಳ ಮೇಲೆ ಸಂಶಯ ಬಂದಿದ್ದರೂ ನಡೆಯುತ್ತಿತ್ತು. ಬರಲಿಲ್ಲ. ಬಂದದ್ದು ಕಸ-ಮುಸುರೆಗೆ ಬರುವ ಹೆಂಗಸಿನ ಮೇಲೆ. ಹಿಂದಿನ ವಾರ ಮೇಜು ಒರೆಸುವಾಗ ಮೌಸು ಆಕೆಯ ಕೈತಪ್ಪಿ ಬಿದ್ದಿತ್ತು.

ನಾನು ಬೈಯಲಿಲ್ಲ. “ಇನ್ನ ಮ್ಯಾಲೆ ಆ ಮೇಜಿನ ಕಡೆ ಹೋಗಬ್ಯಾಡವಾ, ನಾನ ಒರಸಿಕೋತೀನಿ” ಎಂದೆ, ಮೆಲ್ಲಗೇ.

“ಅವತ್ತ ಬಿದ್ದದ್ದಕ್ಕೇನ್ರೀ ಅಕ್ಕಾರ?”

“ಏ, ಹಂಗೇನಿಲ್ಲ.”

ಅಂದಿನಿಂದ ಆಕೆ ಆ ಕೋಣೆಯನ್ನು ಗೋಡೆಗೆ ಹತ್ತಿಕೊಂಡೇ ಗುಡಿಸತೊಡಗಿದಳು.

ಪುಣೆಯಲ್ಲಿರುವ ಮಗ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ: “ಅವ್ವಾ, ಹೊಸಾದೇನರ ಜೋಡಿಸೀಯೇನ?” ಜೋಡಿಸಿದ್ದೆ. ಹಳೆಯ ಫೋಟೋ ತುಂಬಿಡಲು ತಂದ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿನ ಹಿಂಬದಿಯ ನೀಲಿ ಕಿಂಡಿಗೆ ಸಿಕ್ಕಿಸಿದ್ದೆ. ಮೌಸಿನ ರಿಸೀವರ್, ಆ ಉಗುರಿನಷ್ಟು ತುಣುಕು, ಅದರ ಮಗ್ಗುಲಲ್ಲೇ ಇತ್ತು. ಡಿಸ್ಕ್ ಕಿತ್ತೆ, ಬಾಣ ನೀರಿನಂತೆ ಹರಿಯಿತು. ಮತ್ತೆ ಹಚ್ಚಿ ಫೋಟೋ ತುಂಬತೊಡಗಿದೆ, ಮತ್ತೆ ಹಟ. ಯುಎಸ್‌ಬಿ 3 ಎಂಬ ಈ ವೇಗದ ಜೋಡಣೆಯಲ್ಲಿ ಮಾಹಿತಿ ಸಾಗುವಾಗ 2.4 ಗಿಗಾಹರ್ಟ್ಸ್ ಸುತ್ತ ಗದ್ದಲವೇಳುತ್ತದೆಂದು ಇಂಟೆಲ್ ಕಂಪನಿ 2012ರಲ್ಲೇ ವರದಿ ಪ್ರಕಟಿಸಿತ್ತು. ಮೌಸು ಮಾತಾಡುವುದೂ ಆ ತರಂಗಗಳಲ್ಲೇ. ಹಿಂದೆ ಧಾರವಾಡ ಆಕಾಶವಾಣಿ ಕೇಳುವಾಗ ಯಾರಾದರೂ ಮಿಕ್ಸರ್ ಹಾಕಿದರೆ ರೇಡಿಯೋ ಗರಗರ ಎನ್ನುತ್ತಿತ್ತಲ್ಲ, ಹಾಗೆ. ಮೊಳದುದ್ದದ ಎಕ್ಸ್‌ಟೆನ್ಶನ್ ವೈರು ತರಿಸಿ ರಿಸೀವರನ್ನು ಮೌಸಿನ ಹತ್ತಿರ ತಂದಿಟ್ಟೆ, ಡಿಸ್ಕನ್ನು ಆಚೆ ಸರಿಸಿದೆ. ಮೌಸಿನ ಕಥೆ ಮುಗಿಯಿತು.

ಈ 2.4ರ ಪಟ್ಟಿಯನ್ನು ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ಬಳಸಬಹುದು. ವೈ-ಫೈ, ಬ್ಲೂಟೂತ್, ಮೌಸು ಎಲ್ಲವೂ ಅಲ್ಲೇ, ಓಣಿಯ ನಳದ ಮುಂದಿನ ಕೊಡಗಳ ಹಾಗೆ. ‘ಹಾಗಾದರೆ ಯಾರ ತಪ್ಪೂ ಅಲ್ಲ’ ಎಂದು ಕೈತೊಳೆದುಕೊಳ್ಳಲು ಮನಸ್ಸು ಹಾತೊರೆಯಿತು. ಆದರೆ ಗೋಡೆಗೆ ಹತ್ತಿಕೊಂಡು ಗುಡಿಸುವವಳು ಕಣ್ಣೆದುರಿಗಿದ್ದಳಲ್ಲ! ಬೈದಿದ್ದರೆ ಆಕೆ ಎದುರಾಡಬಹುದಿತ್ತು. ನಾನು ಆ ಅವಕಾಶವನ್ನೂ ಕೊಡಲಿಲ್ಲ. ಮೇಲೆ ‘ಹಂಗೇನಿಲ್ಲ’ ಎಂಬ ಸುಳ್ಳು. ಇದನ್ನೇ ನನ್ನ ಸೌಜನ್ಯವೆಂದು ತಿಳಿದಿದ್ದೆ.

“ಆಡದ ಮಾತಿಗೆ ಯಾಕ ಕ್ಷಮಾ ಕೇಳ್ತಿ? ಸುಮ್ಮನ ಮೇಜು ಒರಸು ಅಂತ ಹೇಳಿಬಿಡು” ಎಂದಳು ಗೆಳತಿ. ಹಾಗೆ ಮಾಡಿದರೆ ಉಳಿಯುವುದು ನನ್ನ ಮಾನ ಮಾತ್ರ. ಕ್ಷಮೆ ಕೇಳಬೇಕಾದರೆ ಸಂಶಯಪಟ್ಟದ್ದನ್ನು ಮೊದಲು ಒಪ್ಪಬೇಕು. ಮರೆತಿದ್ದರೆ ಮತ್ತೆ ನೋಯಿಸಿದಂತೆ. ಎರಡು ದಿನ ಹೀಗೆ ಹೊಯ್ದಾಡಿ, ಮೂರನೆಯ ದಿನ ಹೇಳಿಬಿಟ್ಟೆ.

ಆಕೆ ಪಾತ್ರೆಯಿಂದ ಮುಖ ಎತ್ತಲಿಲ್ಲ. “ನಂಗ ಗೊತ್ತಿತ್ರೀ” ಎಂದಳು. ಕೈ ಒರೆಸಿಕೊಂಡು ಎದ್ದವಳು, “ಮೇಜು ಒರಸೂ ಅರಿವಿ ಎಲ್ಲಿಟ್ಟೀರಿ?” ಎಂದು ಕೇಳಿದಳು. ಎಲ್ಲಿಟ್ಟಿದ್ದೆನೋ ನನಗೇ ನೆನಪಿರಲಿಲ್ಲ, ಇಬ್ಬರೂ ಹುಡುಕಿದೆವು.