ವಹಿ ಯಾರದು, ಹಾಳೆ ಯಾರದು?



ಸೋಲಾಪುರದ ಪೇಟೆಗೆ ಜೋಳ, ತೊಗರಿ ಹೇರಿಕೊಂಡು ಹೋಗಿ ಬಂದ ಹಿರಿಯರಿಗೆ ಒಂದು ದೃಶ್ಯ ನೆನಪಿರಬಹುದು. ಅಡತಿ ಅಂಗಡಿಯ ಗಾದಿಯ ಮೇಲೆ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ವಹಿ ಇರುತ್ತಿತ್ತು. ಯಾವ ರೈತ ಬಂದರೂ ಸಾಹುಕಾರರು ಅವನ ಹಾಳೆಯಷ್ಟನ್ನೇ ತೆರೆದು, ಎದುರು ಹಾಳೆಯ ಮೇಲೆ ಅಂಗೈ ಇಟ್ಟು, ಲೆಕ್ಕ ತೋರಿಸುತ್ತಿದ್ದರು. ಹೀಗೆ ಅಂಗೈ ಇಡಬೇಕೆಂದು ಯಾವ ಕಾಯಿದೆಯೂ ಹೇಳಿರಲಿಲ್ಲ. ಒಬ್ಬನ ಉದ್ರಿ ಇನ್ನೊಬ್ಬನ ಕಣ್ಣಿಗೆ ಬೀಳಬಾರದು ಎಂಬುದು ವ್ಯಾಪಾರದ ಮರ್ಯಾದೆಯಾಗಿತ್ತು. ನಾವು ಬಿ.ಕಾಂ. ಓದುವಾಗ ಜಮಾ ಖರ್ಚು, ಕಿರ್ದಿ ಖತಾವಣಿ, ಅಢಾವೆ ಪತ್ರಿಕೆ ಎಲ್ಲವನ್ನೂ ಕಲಿತೆವು. ಅಂಗೈ ಇಡುವ ಪಾಠ ಮಾತ್ರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಅದನ್ನು ತಪ್ಪು ಮಾಡಿಯೇ ಕಲಿಯಬೇಕಾಯಿತು.

ಆ ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. ಎರಡು ವರ್ಷಗಳ ಹಿಂದೆ ಜಾತ್ರೆಯ ಮುಂಚೆ, ದಾಸೋಹಕ್ಕೆ ದವಸ ಕೊಡುವುದಾಗಿ ಮಾತು ಕೊಟ್ಟು ಇನ್ನೂ ಕೊಡದಿದ್ದವರ ಹೆಸರು, ಊರು, ಫೋನ್ ನಂಬರು, ಬಾಕಿ ಇವನ್ನೆಲ್ಲ ಪಟ್ಟಿ ಮಾಡಿ ಸೇವಾ ಸಮಿತಿಯ ವಾಟ್ಸಾಪ್ ಗುಂಪಿಗೆ ಹಾಕಿದೆವು. ನೆನಪು ಮಾಡುವುದಷ್ಟೇ ನಮ್ಮ ಉದ್ದೇಶ. ಆದರೆ ಸಂಜೆಯ ಹೊತ್ತಿಗೆ ಅದು ಎಷ್ಟೋ ಗುಂಪುಗಳನ್ನು ದಾಟಿ ಹೋಗಿತ್ತು. ಪಟ್ಟಿಯಲ್ಲಿದ್ದ ರೈತರೊಬ್ಬರು ಸಾಲಾಗಿ ಎರಡು ಹಂಗಾಮು ಬೆಳೆ ಕಳೆದುಕೊಂಡಿದ್ದರು. ಅದೇ ವಾರ ಅವರ ಮಗಳ ಮದುವೆಯ ಮಾತುಕತೆ ನಡೆದಿತ್ತು. ಬೀಗರಾಗಬೇಕಾದವರ ಫೋನಿಗೂ ಆ ಪಟ್ಟಿ ಮುಟ್ಟಿತು. ಮರುದಿನ ಆ ರೈತರು ಎಲ್ಲಿಂದಲೋ ಹೊಂದಿಸಿಕೊಂಡು ಎರಡು ಚೀಲ ಜೋಳ ತಂದು ಉಗ್ರಾಣದ ಮುಂದೆ ಇಳಿಸಿದರು. ಪ್ರಸಾದಕ್ಕೆ ಕೂಡ್ರಲಿಲ್ಲ. ಹೋಗುವಾಗ ನಮ್ಮ ಮುಖ ನೋಡಿ, "ಬಾಕಿ ನಂದರೀ, ಖರೆ. ಅದನ್ನ ಊರಿಗೆ ಹೇಳೋ ಹಕ್ಕು ನಿಮಗ ಯಾರು ಕೊಟ್ರು?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ಈಚೆಗೆ ಇನ್ನೊಂದು ರೂಪದಲ್ಲಿ ನಮ್ಮ ಬಾಗಿಲಿಗೆ ಬಂದಿತು. ಚುನಾವಣೆಯ ಓಡಾಟದಲ್ಲಿದ್ದ ಕೆಲವರು ಕಚೇರಿಗೆ ಬಂದು, ಗಡಿಭಾಗದ ಭಕ್ತರ ಊರುವಾರು ಹೆಸರು, ಫೋನ್ ನಂಬರುಗಳ ಪಟ್ಟಿ ಕೇಳಿದರು. ಸಮುದಾಯ ಭವನದ ಸುಣ್ಣ ಬಣ್ಣ ತಮ್ಮ ಮೇಲಿರಲಿ ಎಂದೂ ಸೂಚಿಸಿದರು. ಸಮಿತಿಯಲ್ಲಿ ಎರಡು ಅಭಿಪ್ರಾಯ ಬಂದವು. ಹಿರಿಯರೊಬ್ಬರು, "ನಂಬರು ತಾನೇ, ಹೊಲವನ್ನೇನೂ ಕೇಳಿಲ್ಲವಲ್ಲ. ಕಳ್ಳನಲ್ಲದವನಿಗೆ ಅಂಜಿಕೆ ಯಾಕೆ?" ಎಂದರು. ಅವರು ಸಾತ್ವಿಕರು, ಮಠಕ್ಕೆ ದುಡಿದವರು. ಅವರ ಮಾತನ್ನು ತಳ್ಳಿಹಾಕದೆ ಕೂತು ವಿಚಾರಿಸುವುದು ನಮ್ಮ ಕರ್ತವ್ಯ. ಈ ಲೇಖನ ಆ ವಿಚಾರದ ಫಲ.

ಮುಚ್ಚಿಡುವುದು ಬೇರೆ, ಬಚ್ಚಿಡುವುದು ಬೇರೆ. ಕದ್ದ ಮಾಲನ್ನು ಬಚ್ಚಿಡುತ್ತಾರೆ. ಅನ್ನದ ಪಾತ್ರೆಯನ್ನು ಮುಚ್ಚಿಡುತ್ತಾರೆ. ಬಚ್ಚಲ ಮನೆಯ ಬಾಗಿಲು ಹಾಕಿಕೊಂಡವನನ್ನು ಕಳ್ಳನೆಂದು ಯಾರೂ ಅನ್ನುವುದಿಲ್ಲ. ಎದೆಯ ಮೇಲಿನ ಇಷ್ಟಲಿಂಗವನ್ನು ನಾವು ಅರಿವೆಯೊಳಗೆ ಇರಿಸಿಕೊಳ್ಳುವುದು ಅಂಜಿಕೆಯಿಂದಲ್ಲ, ಅದು ನಮ್ಮ ಅಂತರಂಗಕ್ಕೆ ಸೇರಿದ್ದೆಂಬ ಭಾವದಿಂದ. ಮನುಷ್ಯನ ರೋಗ, ಸಾಲ, ಮನೆಯ ಜಗಳ, ಯಾರಿಗೆ ಮತ ಹಾಕಿದೆ ಎಂಬ ಸಂಗತಿ ಇವು ಅಪರಾಧಗಳಲ್ಲ. ಆದರೂ ಇವನ್ನು ಯಾರ ಮುಂದೆ ಹೇಳಬೇಕೆಂದು ತೀರ್ಮಾನಿಸುವವನು ಅವನೇ ಆಗಿರಬೇಕು. ಮತದಾನ ಗುಪ್ತವಾಗಿರಬೇಕೆಂದು ನಮ್ಮ ದೇಶ ವಿಧಿಸಿರುವುದು ಮತದಾರರೆಲ್ಲ ಕಳ್ಳರೆಂದಲ್ಲ. ಬಲಿಷ್ಠನ ಕಣ್ಣು ಬಿದ್ದರೆ ದುರ್ಬಲನ ಕೈ ನಡುಗುತ್ತದೆ ಎಂದು.

ಈ ತತ್ವಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದ ಮುದ್ರೆ ಬೀಳಲು ಕಾರಣರಾದವರು ಕನ್ನಡ ನಾಡಿನ ಒಬ್ಬ ವೃದ್ಧರು ಎಂಬುದು ನಮಗೆ ಅಭಿಮಾನದ ಸಂಗತಿ. ಆಧಾರ್ ಸಂಖ್ಯೆಯ ಮೊಟ್ಟಮೊದಲ ವಿತರಣೆ ನಡೆದದ್ದು 2010ರ ಸೆಪ್ಟೆಂಬರ್ 29ರಂದು, ನಮ್ಮ ಇದೇ ಮಹಾರಾಷ್ಟ್ರದ ನಂದೂರಬಾರ ಜಿಲ್ಲೆಯ ಟೆಂಭಲಿ ಎಂಬ ಹಳ್ಳಿಯಲ್ಲಿ. ಎರಡು ವರ್ಷಗಳ ನಂತರ, 2012ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರದ ಪರವಾಗಿ ವಾದ ಬಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕೇ ಎಂದೂ, ಸಂವಿಧಾನದ 21ನೆಯ ವಿಧಿ ಕಾಪಾಡುವ ಜೀವ ಮತ್ತು ಸ್ವಾತಂತ್ರ್ಯದಲ್ಲಿ ಅಡಗಿದೆ ಎಂದೂ ತೀರ್ಪಿತ್ತರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರದಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹಾಗೆಂದು ಆಧಾರ್ ಬಿದ್ದುಹೋಗಲಿಲ್ಲ. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಸರ್ಕಾರದ ಸಹಾಯಧನಕ್ಕೆ, ಪ್ಯಾನ್ ಕಾರ್ಡಿಗೆ ಅದು ಬೇಕೆಂದಿತು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಕಡ್ಡಾಯ ಸಲ್ಲದೆಂದಿತು. ನಾವು ಇದನ್ನು ನ್ಯಾಯವಾದ ತೂಕವೆಂದೇ ತಿಳಿಯುತ್ತೇವೆ. 2019ರಿಂದ ಕಿಸಾನ್ ಸಮ್ಮಾನದ ವರ್ಷದ 6000 ರೂಪಾಯಿ ಮಧ್ಯವರ್ತಿಯ ಕೈ ಸೋಕದೆ ನೇರವಾಗಿ ರೈತನ ಖಾತೆಗೆ ಬರುತ್ತಿದೆ. ಅದರ ಉಪಕಾರವನ್ನು ಅಲ್ಲಗಳೆಯುವುದು ಪ್ರಾಮಾಣಿಕತನವಲ್ಲ. ನಮ್ಮ ತಕರಾರು ಯಂತ್ರದ ಮೇಲಲ್ಲ. ಒಂದು ಕೆಲಸಕ್ಕೆಂದು ಕೊಟ್ಟದ್ದನ್ನು ಇನ್ನೊಂದಕ್ಕೆ ಬಳಸುವ ಚಾಳಿಯ ಮೇಲೆ.

"ನಂಬರು ತಾನೇ" ಎಂಬ ಮಾತನ್ನು ನೋಡೋಣ. ಒಂದು ಕಾಳಿಗೆ ಬೆಲೆಯಿಲ್ಲ, ರಾಶಿಗೆ ಬೆಲೆಯುಂಟು ಎಂಬುದನ್ನು ರೈತನಿಗೆ ಯಾರೂ ಕಲಿಸಬೇಕಿಲ್ಲ. 2018ರ ಮಾರ್ಚದಲ್ಲಿ ಬಯಲಾದ ಕೇಂಬ್ರಿಜ್ ಅನಾಲಿಟಿಕಾ ಪ್ರಕರಣ ಇದಕ್ಕೆ ಸಾಕ್ಷಿ. ಫೇಸ್‌ಬುಕ್‌ನಲ್ಲಿ ಸ್ವಭಾವ ಪರೀಕ್ಷೆಯ ಒಂದು ಪ್ರಶ್ನಾವಳಿ ಬಂದಿತು. ಅದಕ್ಕೆ ಒಪ್ಪಿ ಉತ್ತರಿಸಿದವರು ಸುಮಾರು 2 ಲಕ್ಷ 70 ಸಾವಿರ ಜನ. ಆದರೆ ಅವರ ಮೂಲಕ ಅವರ ಗೆಳೆಯರ ವಿವರಗಳೂ ಹೋಗಿ, ಫೇಸ್‌ಬುಕ್ ತಾನೇ ಕೊಟ್ಟ ಲೆಕ್ಕದಂತೆ 8 ಕೋಟಿ 70 ಲಕ್ಷ ಜನರವರೆಗೆ ಅದು ವ್ಯಾಪಿಸಿತು. ಭಾರತದಲ್ಲಿ ಆ ಪ್ರಶ್ನಾವಳಿಯನ್ನು ತೆರೆದವರು 335 ಜನ; ಅದರ ಪರಿಣಾಮಕ್ಕೆ ಒಳಗಾಗಿರಬಹುದಾದವರು 5 ಲಕ್ಷ 62 ಸಾವಿರಕ್ಕೂ ಹೆಚ್ಚು. ಆ ಸಂಸ್ಥೆಯ ಕಸುಬೇ ಚುನಾವಣಾ ಪ್ರಚಾರ; ಯಾರ ಮನಸ್ಸು ಯಾವ ಮಾತಿಗೆ ತಿರುಗುತ್ತದೆ ಎಂಬುದನ್ನು ಅಳೆದು ಮಾರುವುದು. 2018ರ ಮೇ ತಿಂಗಳಲ್ಲಿ ಅದು ಬಾಗಿಲು ಹಾಕಿತು. ಫೇಸ್‌ಬುಕ್‌ಗೆ 2019ರಲ್ಲಿ ಅಮೆರಿಕದಲ್ಲಿ 500 ಕೋಟಿ ಡಾಲರ್ ದಂಡ ಬಿತ್ತು.

ಇಲ್ಲಿ ಗಮನಿಸಬೇಕಾದದ್ದು ಒಂದು. ಆ ಲಕ್ಷಾಂತರ ಜನರಲ್ಲಿ ಹೆಚ್ಚಿನವರು ಯಾವುದಕ್ಕೂ ಒಪ್ಪಿಗೆ ಕೊಟ್ಟಿರಲಿಲ್ಲ. ಅವರ ಪರವಾಗಿ ಅವರ ಗೆಳೆಯ ಒಪ್ಪಿದ್ದ. ಮಠವು ಪಟ್ಟಿ ಕೊಟ್ಟರೆ ಆಗುವುದೂ ಅದೇ. ಭಕ್ತನು ತನ್ನ ನಂಬರನ್ನು ಕೊಟ್ಟದ್ದು ಜಾತ್ರೆಯ ತಿಥಿ, ಶಿವಾನುಭವ ಗೋಷ್ಠಿಯ ವೇಳೆ ತಿಳಿಯಲೆಂದು. ಅದನ್ನು ರಾಜಕಾರಣಿಗೋ ಬೀಜ ಗೊಬ್ಬರದ ಏಜೆಂಟರಿಗೋ ದಾಟಿಸಿದರೆ ನಾವು ಅವನ ಪರವಾಗಿ ಒಪ್ಪಿದಂತಾಯಿತು. ಊರುವಾರು ಪಟ್ಟಿಯೆಂದರೆ ಬರೀ ನಂಬರಲ್ಲ. ಅದರಲ್ಲಿ ಜಾತಿಯಿದೆ, ಭಾಷೆಯಿದೆ, ಯಾವ ಊರಲ್ಲಿ ನಾವೆಷ್ಟು ಜನ ಎಂಬ ಎಣಿಕೆಯಿದೆ. ಕನ್ನಡಿಗರು ಅಲ್ಪಸಂಖ್ಯಾತರಾಗಿರುವ ಗಡಿಯ ಊರುಗಳಲ್ಲಿ ಆ ಎಣಿಕೆ ಯಾರ ಕೈಗೆ ಹೋಗುತ್ತದೆ ಎಂಬುದು ಸಣ್ಣ ಮಾತಲ್ಲ. ಇಂದು ಮತ ಕೇಳಲು ಬಳಸಿದ ಪಟ್ಟಿಯನ್ನು ನಾಳೆ ಮತ ಕೊಡದವರನ್ನು ಗುರುತಿಸಲೂ ಬಳಸಬಹುದು.

ನಮ್ಮ ಲೆಕ್ಕಶಾಸ್ತ್ರದಲ್ಲಿ ಒಂದು ನಿಯಮವಿದೆ. ಅನ್ಯರು ಇಟ್ಟ ಠೇವಣಿ ತಿಜೋರಿಯಲ್ಲಿದ್ದರೂ ಅಢಾವೆ ಪತ್ರಿಕೆಯಲ್ಲಿ ಅದನ್ನು ದೇಣಿಯ ಬದಿಗೇ ಬರೆಯಬೇಕು. ಅದು ನಮ್ಮ ಕೈಯಲ್ಲಿದೆ, ನಮ್ಮದಲ್ಲ. ಭಕ್ತರ ವಿವರಗಳೂ ಹಾಗೆಯೇ. ವಹಿ ಮಠದ್ದು, ಹಾಳೆ ಭಕ್ತನದು. ಇಷ್ಟು ದಿನ ನಾವು ಆ ಪಟ್ಟಿಯನ್ನು ಮಠದ ಆಸ್ತಿಯೆಂದು ಬರೆದುಕೊಂಡಿದ್ದೆವು. ಲೆಕ್ಕ ತಪ್ಪಿದ್ದು ಅಲ್ಲಿ.

ಕಾಯಿದೆಯೂ ಈಗ ಹೀಗೆಯೇ ಹೇಳುತ್ತಿದೆ. 2023ರ ಆಗಸ್ಟದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. 2025ರ ನವೆಂಬರದಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ 18 ತಿಂಗಳ ಅವಕಾಶ ಇಡಲಾಗಿದೆ. ಕಾಗದದ ವಹಿಗೆ ಇದು ತಾಗದು. ಅದೇ ವಿವರವನ್ನು ಕಂಪ್ಯೂಟರಿಗೆ ಏರಿಸಿದೊಡನೆ ತಾಗುತ್ತದೆ. ಒಪ್ಪಿಗೆಯೆಂದರೆ ಬಲವಂತವಿಲ್ಲದ, ಯಾತಕ್ಕೆಂದು ತಿಳಿದು ಕೊಟ್ಟ, ನಿರ್ದಿಷ್ಟ ಕೆಲಸಕ್ಕೆ ಸೀಮಿತವಾದ ಒಪ್ಪಿಗೆ. ಅದನ್ನು ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭವಿರಬೇಕು. ತಪ್ಪಿದವರಿಗೆ 250 ಕೋಟಿ ರೂಪಾಯಿಯವರೆಗೂ ದಂಡವಿದೆ.

ಗಡಿಭಾಗದವರು ವಿಶೇಷವಾಗಿ ತಿಳಿಯಬೇಕಾದ ಮಾತೊಂದು ಅದರಲ್ಲಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಆಗಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಅವುಗಳಲ್ಲಿ ಒಂದು. ಈ ನಿಯಮಕ್ಕೆ ರಾಜ್ಯದ ಗಡಿಯಿಲ್ಲ. ಅಕ್ಕಲಕೋಟದ ವ್ಯಾಪಾರಿಯೂ, ಜತ್ತದ ದ್ರಾಕ್ಷಿ ಬೆಳೆಗಾರನೂ, ಅದೋನಿಯ ಹತ್ತಿ ರೈತನೂ ಕನ್ನಡದಲ್ಲಿ ಕೇಳಬಹುದು. ಓದಲು ಬಾರದ ಅಕ್ಷರದ ಕೆಳಗೆ ಹೆಬ್ಬೆಟ್ಟು ಒತ್ತಿ ನಮ್ಮ ಹಿರಿಯರು ಹೊಲ ಕಳೆದುಕೊಂಡ ಕಥೆಗಳು ಪ್ರತಿ ಊರಲ್ಲಿಯೂ ಇವೆ. ಇಂದು ಫೋನಿನ ಪರದೆಯ ಮೇಲೆ ಒಪ್ಪಿದೆ ಎಂದು ಒತ್ತುವುದೂ ಅದೇ ಹೆಬ್ಬೆಟ್ಟು.

ಹಾಗಾದರೆ ಎಲ್ಲವನ್ನೂ ಮುಚ್ಚಿಯೇ ಇಡಬೇಕೇ? ಇಲ್ಲ. ಇಲ್ಲಿಯೇ ವಿವೇಕ ಬೇಕು. ನಮ್ಮಲ್ಲಿ ಗುಪ್ತ ದಾನಕ್ಕೆ ಗೌರವವಿದೆ, ಏಕೆಂದರೆ ಹೆಸರು ಮರೆಸಿದವನು ಪ್ರತಿಫಲ ಬಯಸುವುದಿಲ್ಲ. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡಿನಲ್ಲಿಯೂ ದಾನಿಯ ಹೆಸರು ಜನರಿಗೆ ಗುಪ್ತವಾಗಿತ್ತು. ದಾನಿಯ ಖಾಸಗಿತನ ಕಾಪಾಡಲು ಇದು ಬೇಕೆಂದು ವಾದಿಸಲಾಯಿತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಯೋಜನೆಯನ್ನು ರದ್ದು ಮಾಡಿದರು. ಹಣ ಕೊಟ್ಟವನಿಗೂ ಅಧಿಕಾರ ಪಡೆದವನಿಗೂ ಕೊಡುಕೊಳ್ಳುವ ಸಂಬಂಧ ಇರಬಹುದಾದ್ದರಿಂದ ಮತದಾರನಿಗೆ ತಿಳಿಯುವ ಹಕ್ಕಿದೆ ಎಂಬುದು ಅದರ ಸಾರ. ಪ್ರತಿಫಲ ಬಯಸುವ ದಾನ ಗುಪ್ತವಾಗಿದ್ದರೆ ಅದು ದಾನವಲ್ಲ, ಗುಪ್ತ ವ್ಯವಹಾರ. ಇದೇ ಅಳತೆಯಿಂದ 2023ರ ಕಾಯಿದೆಯಲ್ಲಿಯೂ ನಮಗೆ ಕಳವಳವಾಗುವ ಅಂಶಗಳಿವೆ. ಸರ್ಕಾರವು ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಅಲ್ಲಿ ಅವಕಾಶವಿದೆ. ಅದರ ಜೊತೆಗೆ 2005ರ ಮಾಹಿತಿ ಹಕ್ಕು ಕಾಯಿದೆಯ ಒಂದು ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿಯೆಂಬ ಕಾರಣಕ್ಕೆ ವಿವರ ನಿರಾಕರಿಸುವುದನ್ನು ಸುಲಭ ಮಾಡಲಾಗಿದೆ. ಬಡವನ ಮನೆಗೆ ಬಾಗಿಲು ಬೇಕು. ಅಧಿಕಾರದ ಮನೆಗೆ ಕಿಟಕಿ ಬೇಕು. ಪಕ್ಷ ಯಾವುದೇ ಇರಲಿ, ಈ ಮಾತು ತಿರುವುಮುರುವಾಗಬಾರದು.

ಈ ಅಳತೆಯನ್ನು ಮೊದಲು ನಮಗೇ ಹಚ್ಚಿಕೊಳ್ಳಬೇಕಲ್ಲವೇ? ಆದ್ದರಿಂದ ಸಮಿತಿಯು ಹೀಗೆ ತೀರ್ಮಾನಿಸಿದೆ. ಮಠದ ಜಮಾ ಖರ್ಚು, ದಾಸೋಹದ ವರವು, ಜಾತ್ರೆಯ ವೆಚ್ಚ ಇವು ಯಾವ ಭಕ್ತರು ಕೇಳಿದರೂ ತೆರೆದಿರುತ್ತವೆ. ಭಕ್ತರ ಹೆಸರು, ನಂಬರು, ಕಾಣಿಕೆ, ಬಾಕಿ ಇವು ಯಾರು ಕೇಳಿದರೂ ಮುಚ್ಚಿರುತ್ತವೆ. ಬಾಕಿಯ ನೆನಪನ್ನು ಆಯಾ ಮನೆಗೆ ಮಾತ್ರ ಕಳಿಸಲಾಗುವುದು. ತಮ್ಮ ನಂಬರು ಪಟ್ಟಿಯಲ್ಲಿ ಬೇಡವೆನ್ನುವವರು ಒಂದು ಮಾತು ತಿಳಿಸಿದರೆ ತೆಗೆದುಹಾಕುತ್ತೇವೆ, ಕಾರಣ ಕೇಳುವುದಿಲ್ಲ. ಪಟ್ಟಿ ಕೇಳಿದವರಿಗೆ ಕೊಡಲಾಗದೆಂದು ವಿನಯದಿಂದ ತಿಳಿಸಿದ್ದೇವೆ. ಭವನದ ಗೋಡೆಗಳಿಗೆ ಈ ವರ್ಷ ಬಣ್ಣವಿಲ್ಲ. ಬಂದವರು ಕಂಡುಕೊಳ್ಳಬಹುದು. ಆಕ್ಷೇಪಿಸಿದ್ದ ಹಿರಿಯರೂ ಕೊನೆಗೆ ಸಹಿ ಹಾಕಿದರು, ಆದರೆ "ಇಷ್ಟು ಅಂಜಬಾರದಿತ್ತು" ಎಂಬ ಮಾತನ್ನು ಹಿಂದಕ್ಕೆ ಪಡೆಯಲಿಲ್ಲ. ಅವರ ಆ ಮಾತಿಗೂ ನಮ್ಮ ಗೌರವವಿದೆ.

ಜೋಳ ಇಳಿಸಿ ಹೋದ ಆ ರೈತರ ಮನೆಗೆ ಕಳೆದ ತಿಂಗಳು ನಾವೇ ಹೋಗಿ ತಪ್ಪೊಪ್ಪಿಕೊಂಡು ಬಂದೆವು. ನೀರು ಕೊಟ್ಟರು, ಚಹಾ ಕೊಟ್ಟರು. ಮಗಳ ಮದುವೆ ಬೇರೆ ಕಡೆ ಕೂಡಿಬಂದಿದೆಯಂತೆ. ಮಠಕ್ಕೆ ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಅದು ಅವರ ಹಾಳೆ. ಅದರಲ್ಲಿ ಏನು ಬರೆಯಬೇಕೆಂಬುದು ಅವರಿಗೆ ಬಿಟ್ಟದ್ದು.

ಭಕ್ತರು ತಮ್ಮ ಅಭಿಪ್ರಾಯವನ್ನು ಕಚೇರಿಗೆ ಬರೆದು ತಿಳಿಸಬೇಕೆಂದು ವಿನಂತಿ. ಹೆಸರು ಬರೆಯಲೇಬೇಕೆಂದಿಲ್ಲ.

ಶರಣು.

ಕಾರ್ಯದರ್ಶಿ