ತೋರಿಕೆ ವಂಚನೆಯಾಗುವುದು ಯಾವಾಗ?



ಜತ್ತ ಕಡೆಯ ರೈತ ಮನೆತನದ ಹಿರಿಯರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದು ತಮ್ಮ ಮನದ ಅಳುಕನ್ನು ತೋಡಿಕೊಂಡರು. ಅವರ ಮಗನಿಗೆ 32 ವರ್ಷ. ದ್ರಾಕ್ಷಿ ತೋಟದಲ್ಲಿ ದುಡಿಯುವ ಹುಡುಗ. ನೆತ್ತಿಯ ಕೂದಲು ತೆಳ್ಳಗಾಗಿದೆಯೆಂದು ಎರಡು ಸಂಬಂಧಗಳು ತಪ್ಪಿದ್ದವು. ಮೂರನೆಯವರು ನೋಡಲು ಬಂದ ದಿನ ಗೆಳೆಯರು ಸೊಲ್ಲಾಪುರದಿಂದ ಒಂದು ಡಬ್ಬಿ ಪುಡಿ ತಂದು ತಲೆಗೆ ಉದುರಿಸಿದರು. ಕೂದಲು ದಟ್ಟವಾಗಿ ಕಂಡಿತು, ಹೆಣ್ಣಿನವರು ಒಪ್ಪಿದರು. ಈಗ ನಿಶ್ಚಯದ ದಿನ ಸಮೀಪಿಸಿದೆ. "ಅಪ್ಪಾರ, ನಾವು ಮಾಡಿದ್ದು ಮೋಸ ಆಗ್ತದೇನ್ರಿ?" ಎಂದು ಅವರು ಕೇಳಿದರು.

ಪ್ರಶ್ನೆ ಸಣ್ಣದೆಂದು ನಗುವಂತಿಲ್ಲ. ಮೊದಲು ಆ ಪುಡಿ ಏನೆಂಬುದನ್ನು ತಿಳಿಯೋಣ. ಅದು ಬಹಳ ಸಣ್ಣಗೆ ಕತ್ತರಿಸಿದ, ಬಣ್ಣ ಹಾಕಿದ ಎಳೆಗಳ ಪುಡಿ. ಹೆಚ್ಚಾಗಿ ಕುರಿಯ ಉಣ್ಣೆಯಿಂದ ಪಡೆದ ಕೆರಾಟಿನ್‌ನಿಂದ ಮಾಡುತ್ತಾರೆ. ಹತ್ತಿಯಿಂದ ಮಾಡಿದ್ದೂ ಉಂಟು. ನಮ್ಮ ಕೂದಲು, ಉಗುರು, ದನದ ಕೊಂಬು, ಗೊರಸು ಇವೆಲ್ಲವೂ ಅದೇ ಕೆರಾಟಿನ್‌ನಿಂದ ಆದವು. ಒಣಗೂದಲಿಗೆ ಬಾಚಣಿಗೆ ಉಜ್ಜಿದಾಗ ಕಾಗದದ ಚೂರು ಅಂಟುವಂತೆ, ಈ ಎಳೆಗಳು ಇದ್ದ ಕೂದಲಿಗೆ ಹಿಡಿದುಕೊಳ್ಳುತ್ತವೆ. ಕೂದಲೇ ಇಲ್ಲದ ನೆತ್ತಿಯ ಮೇಲೆ ನಿಲ್ಲುವುದಿಲ್ಲ. ತಲೆ ತೊಳೆದರೆ ಹೋಗುತ್ತದೆ. ಇದು ಔಷಧವಲ್ಲ, ಒಂದು ಕೂದಲನ್ನೂ ಬೆಳೆಸದು.

ಹಾಗಾದರೆ ಹಚ್ಚಿಕೊಳ್ಳುವುದೇ ತಪ್ಪೇ? ಹಾಗೆಂದು ನಾವು ಹೇಳಲಾರೆವು. ನಮ್ಮ ತಾಯಂದಿರು ತೆಳುವಾದ ಜಡೆಗೆ ಚವರಿ ಸೇರಿಸಿ ಹೆಣೆದುಕೊಂಡೇ ಜಾತ್ರೆ, ಮದುವೆಗಳಿಗೆ ಹೋಗಿದ್ದಾರೆ. ಅದನ್ನು ಯಾರೂ ಮೋಸ ಎನ್ನಲಿಲ್ಲ. ಹೆಂಗಸರಿಗೆ ಸಲ್ಲುವ ಸಿಂಗಾರ ಗಂಡಸರಿಗೆ ಸಲ್ಲದು ಎನ್ನುವುದು ನ್ಯಾಯವಲ್ಲ. ತನ್ನನ್ನು ನಾಲ್ಕು ಜನರೆದುರು ಚೆನ್ನಾಗಿ ಕಾಣಿಸಿಕೊಳ್ಳಬೇಕೆಂಬ ಆಸೆ ಪಾಪವಲ್ಲ.

ಆದರೆ ದನದ ಸಂತೆಯನ್ನು ನೆನೆಯಿರಿ. ಎತ್ತಿನ ಕೊಂಬು ಹೆರೆದು ಬಣ್ಣ ಬಳಿದು, ಗೊಂಡೆ ಕಟ್ಟಿ ನಿಲ್ಲಿಸುತ್ತೇವೆ. ಕೊಳ್ಳುವವನಿಗೂ ಅದು ಬಣ್ಣವೆಂದು ಗೊತ್ತು. ಅದು ಸಿಂಗಾರ. ಅದೇ ಎತ್ತಿನ ಹಲ್ಲು ಅರೆದು ವಯಸ್ಸು ಮರೆಮಾಡಿದರೆ ಅದು ಕಳ್ಳತನಕ್ಕೆ ಸಮ. ಏಕೆಂದರೆ ಕೊಳ್ಳುವವನು ವಯಸ್ಸನ್ನು ನಂಬಿಯೇ ಹಣ ಎಣಿಸುತ್ತಾನೆ. ವ್ಯಾಪಾರಸ್ಥರಿಗೂ ಇದು ತಿಳಿದದ್ದೇ. ತೊಗರಿಬೇಳೆಯನ್ನು ಹಸನು ಮಾಡಿ ಹೊಳಪಿಗೆ ತರುವುದು ಬೇರೆ, ಅದರಲ್ಲಿ ಕೇಸರಿಬೇಳೆ ಬೆರೆಸುವುದು ಬೇರೆ. ಎದುರಿನವರು ಯಾವುದನ್ನು ನಂಬಿ ನಿರ್ಧಾರ ಮಾಡುತ್ತಾರೋ ಅದನ್ನು ಮರೆಮಾಡಿದಾಗ ತೋರಿಕೆ ವಂಚನೆಯಾಗುತ್ತದೆ.

ಈ ಹುಡುಗ ಪುಡಿ ಹಚ್ಚಿ ಪೇಟೆಗೆ ಹೋದರೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಬಾಳು ಹಂಚಿಕೊಳ್ಳಲು ಬರುವ ಹೆಣ್ಣುಮಗಳಿಗೆ ತಿಳಿಯುವ ಹಕ್ಕಿದೆ. ಮುಚ್ಚಿಟ್ಟರೂ ಎಷ್ಟು ದಿನ? ಮದುವೆಯ ಮೊದಲ ತಲೆಸ್ನಾನಕ್ಕೇ ಗುಟ್ಟು ಹೊರಬೀಳುತ್ತದೆ. ಆಗ ಅವಳಿಗೆ ನೋವಾಗುವುದು ಕೂದಲಿನಿಂದಲ್ಲ. "ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ" ಎಂಬ ಸಂಶಯದಿಂದ. ಆದ್ದರಿಂದ ನಿಶ್ಚಯಕ್ಕೆ ಮೊದಲು ಹುಡುಗನೇ ಹೋಗಿ ಹೇಳಲಿ ಎಂದೆವು. ಸಂಬಂಧ ತಪ್ಪಬಹುದು. ಕನ್ಯೆ ಸಿಗುವುದೇ ಕಷ್ಟವಾಗಿರುವ ರೈತ ಮನೆಗೆ ಅದು ದೊಡ್ಡ ನಷ್ಟವೆಂದು ನಮಗೂ ಗೊತ್ತು. ಆದರೂ ಈಗ ತಪ್ಪಿದರೆ ಮುಂದೆ ಇನ್ನೊಂದು ಸಂಬಂಧ ನೋಡಬಹುದು. ನಂಬಿಕೆ ಮುರಿದ ಮನೆಯಲ್ಲಿ ಇಬ್ಬರೂ ಬಾಳುವುದು ಕಷ್ಟ.

ತಪ್ಪೆಲ್ಲ ಹುಡುಗನ ಮೇಲೆ ಹೊರಿಸುವುದೂ ಸರಿಯಲ್ಲ. ಅವನ ಕೈಗೆ ಡಬ್ಬಿ ಕೊಟ್ಟದ್ದು ನಮ್ಮೆಲ್ಲರ ಹೀಯಾಳಿಕೆ. ಗಂಡಸರ ನೆತ್ತಿ ಬರಿದಾಗುವುದು ಬಹುಮಟ್ಟಿಗೆ ವಂಶದಿಂದ ಬರುವ ಗುಣ. ಅದು ಅವರ ದುರ್ನಡತೆಯ ಫಲವಲ್ಲ. ಹೆಣ್ಣುಮಕ್ಕಳಿಗೂ ಹೆರಿಗೆಯಾಗಿ ಅಥವಾ ಕಠಿಣ ಜ್ವರ ಬಂದು ಎರಡು ಮೂರು ತಿಂಗಳಾದ ಮೇಲೆ ರಾಶಿಗಟ್ಟಲೆ ಕೂದಲು ಉದುರುವುದುಂಟು. ಸಾಮಾನ್ಯವಾಗಿ ಅದು ಮತ್ತೆ ಬರುತ್ತದೆ. ಇಂಥವರನ್ನು "ಬೋಳ", "ಬೋಳಿ" ಎಂದು ಆಡಿಕೊಳ್ಳುವ ನಾಲಿಗೆಗೆ ಮೊದಲು ಕಡಿವಾಣ ಬೀಳಬೇಕು.

ಇನ್ನೊಂದು ಮಾತು. ಕೂದಲಿನ ಪುಡಿಗೆ ಮೂಗುಮುರಿಯುವ ನಾವೇ ಸಂಬಂಧದ ಮಾತಿನಲ್ಲಿ ಎರಡು ಎಕರೆಯನ್ನು ಐದು ಎಕರೆ ಮಾಡುತ್ತೇವೆ, ಸಾಲವನ್ನು ಬಾಯಿಬಿಡುವುದಿಲ್ಲ. ಸಾತ್‌ಬಾರಾ ಉತಾರವನ್ನು ಬೀಗರ ಮುಂದಿಡಲು ಹಿಂಜರಿಯುವ ಹಿರಿಯರು ಹುಡುಗನ ನೆತ್ತಿಯ ಸತ್ಯವನ್ನು ಹೇಗೆ ಕೇಳಿಯಾರು? ಮನೆಯ ದೊಡ್ಡವರು ಹೊಲ, ಸಾಲಗಳ ಲೆಕ್ಕವನ್ನು ನೇರವಾಗಿ ಹೇಳಲಿ. ಮಕ್ಕಳು ತಮ್ಮ ಮಾತನ್ನು ಧೈರ್ಯದಿಂದ ಹೇಳಲು ಅದರಿಂದಲೇ ಕಲಿಯುತ್ತಾರೆ.

ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, "ಹೊಲದ ಲೆಕ್ಕಾನೂ ಹೇಳಿ ಬರ್ತೀವ್ರಿ" ಎಂದು ಎದ್ದರು. ಅವರಿಗೆ ಒಳಿತಾಗಲಿ ಎಂದು ಹಾರೈಸುತ್ತೇವೆ.